ಅಬ್ಬಾನ ಎಡಗಿವಿ

ಸಮುದ್ರಕ್ಕೆ ಇಳಿಯಲು ನಮ್ಮ ಅಬ್ಬಾ ಮೂರು ವಾರ ತಯಾರಿ ನಡೆಸಿದ್ದು ಹಿತ್ತಲಿನ ನೀರಿನ ಹೌದಿನಲ್ಲಿ. ಅವರು ತಲೆಯನ್ನು ನೀರಿಗೆ ಹಾಕಿ ಉಸಿರು ಹಿಡಿಯುವುದು, ನಾನು ಗಡಿಯಾರ ನೋಡಿ ಹೇಳುವುದು. ಎರಡು ನಿಮಿಷ ಆಗುತ್ತಿದ್ದ ಹಾಗೆ ಮೇಲೆದ್ದು, ಐವತ್ತೆಂಟರ ಮುದುಕನಿಗೆ ಇಷ್ಟು ಸಾಕೇ ಎಂದು ಕೇಳುತ್ತಿದ್ದರು. ನನಗೇನು ಗೊತ್ತು? ನಾನು ಲಕ್ಷ್ಮೇಶ್ವರದ ಶಾಲೆಯಲ್ಲಿ ಎರಡನೇ ಇಯತ್ತೆಗೆ ಕಲಿಸುವವಳು. ಮೊಣಕಾಲು ಮೀರಿದ ನೀರಿಗೆ ಇಳಿದವಳಲ್ಲ.

ಅಬ್ಬಾನ ಹೆಸರು ಅಬ್ದುಲಗನಿ ಎಂದರೆ ಸುತ್ತ ಹತ್ತು ಹಳ್ಳಿಯ ಬಾವಿಗಳಿಗೆ ಗೊತ್ತು. ಕೊಡ ಬಿದ್ದರೆ, ಪಂಪಿನ ಪೈಪು ಕಳಚಿದರೆ, ಈಚೀಚೆಗೆ ಯಾರದಾದರೂ ಫೋನು ಬಿದ್ದರೆ ಅಬ್ಬಾನಿಗೆ ಕರೆ ಬರುತ್ತದೆ. ಬಿದ್ದದ್ದು ಸಿಗದಿದ್ದರೂ ಅವರು ಬರಿಗೈಯಲ್ಲಿ ಮೇಲೆ ಬರುವುದಿಲ್ಲ. ತಳದ ಕೆಸರನ್ನು ಒಂದು ಹಿಡಿ ತಂದು ಬಾವಿಯ ಯಜಮಾನನಿಗೆ ತೋರಿಸಬೇಕು, ತಳ ಮುಟ್ಟಿದ್ದಕ್ಕೆ ಅದೇ ಸಾಕ್ಷಿ. ಆದರೆ ನಮ್ಮ ಬಾವಿಗಳ ತಳದಲ್ಲಿ ಕಣ್ಣಿಗೆ ಕೆಲಸವಿಲ್ಲ, ಎಲ್ಲವೂ ಕತ್ತಲಲ್ಲಿ ಕೈಯಾಡಿಸಿಯೇ ಆಗಬೇಕು. ಮೂವತ್ತೈದು ವರ್ಷ ನೀರಿಗೆ ಇಳಿದೂ ಅದರೊಳಗೆ ಏನಿದೆ ಎಂದು ನೋಡಲಿಲ್ಲವಲ್ಲ ಎಂಬುದು ಅವರ ಕೊರಗು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡವರು ಮೀನುಗಳ ನಡುವೆ ಅಡ್ಡಾಡುವ ವಿಡಿಯೋವನ್ನು ನನ್ನ ಫೋನಿನಲ್ಲಿ ಕಂಡ ದಿನ, ರೊಟ್ಟಿ ಆರಿಹೋದರೂ ಅದನ್ನೇ ಆರು ಸಲ ಹಾಕಿಸಿಕೊಂಡರು.

ಹಾಗಾಗಿ ದಸರಾ ರಜೆಗೆ ಮುರ್ಡೇಶ್ವರ ಎಂದು ನಾನೂ ನನ್ನ ಗಂಡ ಮೊಹಸಿನನೂ ಗೊತ್ತು ಮಾಡಿದೆವು. ಗಿಜಿಗುಡುವ ದಂಡೆ, ದೋಣಿಗಳು, ಬಿಸಿ ಬಿಸಿ ಹುರಿದ ಮೀನು. ಅಲ್ಲಿಯ ರೆಸಾರ್ಟಿನವರು ಜನರನ್ನು ನಡುಗಡ್ಡೆಯ ಹತ್ತಿರ ಕರೆದೊಯ್ದು, ಕಾಸು ಇಸಿದುಕೊಂಡು ಮುಳುಗಿಸುತ್ತಾರೆ. ಮುಳುಗಲು ನಾನು ಹಿಡಿದದ್ದು ಒಂದೇ ಸೀಟು. ನಮ್ಮ ಮನೆಯ ಹೆಣ್ಣುಮಕ್ಕಳು ದಂಡೆಯ ಮೇಲೆ ನಿಲ್ಲುವವರು. ಒಂಬತ್ತು ವರ್ಷದವಳಿದ್ದಾಗ ನನಗೂ ಈಜು ಕಲಿಸಿ ಎಂದು ರಂಪ ಮಾಡಿದ್ದೆ. ಅಬ್ಬಾ ನನ್ನ ತಮ್ಮನ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗೆ ಬಿಟ್ಟರು, ಅವನ ಟವೆಲನ್ನು ನನ್ನ ಕೈಗೆ ಕೊಟ್ಟರು. ಆ ಸಿಟ್ಟು ಇನ್ನೂ ಇದೆ, ಮುಚ್ಚಿಡುವುದೇಕೆ? ವಿಡಿಯೋವನ್ನು ಆರು ಸಲ ನೋಡಿದವಳು ನಾನೂ ಹೌದು.

ರೆಸಾರ್ಟಿನಲ್ಲಿ ಮುಳುಗಲು ಕಲಿಸುವ ವೀರು ಎಂಬಾತನಿಗೆ ಅಬ್ಬಾ ದಿನಕ್ಕೊಂದು ಫೋನು ಮಾಡಿಸಿದರು. ಕೆಳಗೆ ಬೆಳಕು ಎಷ್ಟು? ಮೀನು ಮನುಷ್ಯನನ್ನು ಕಂಡರೆ ಓಡುತ್ತದೋ, ನಿಂತು ನೋಡುತ್ತದೋ? ಬಾಯಲ್ಲಿ ನಳಿಗೆ ಇದ್ದಾಗ ಕೆಮ್ಮು ಬಂದರೆ ಏನು ಗತಿ? ಎಲ್ಲಕ್ಕೂ ಆತ ತಾಳ್ಮೆಯಿಂದ ಉತ್ತರಿಸಿದ. ಕಡೆಗೆ ಅಬ್ಬಾ ತಮ್ಮ ಕಸುಬಿನ ಪ್ರಶ್ನೆ ಕೇಳಿದರು.

"ಅಲ್ಲಿ ಬಿದ್ದದ್ದು ಏನ್ರಿ?"

ಏನೂ ಬಿದ್ದಿಲ್ಲ, ಸುಮ್ಮನೆ ನೋಡಿ ಬರುವುದು ಎಂದ ವೀರು. ತಳದಿಂದ ಏನನ್ನೂ ತರುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಸಾಕ್ಷಿಗೆ ಫೋಟೋ ಕೊಡುತ್ತೇವೆ ಎಂದ. ಏನೂ ಕಳೆದುಕೊಳ್ಳದೆ ನೀರಿಗೆ ಇಳಿಯುವ ಜನ ಇದ್ದಾರೆಂದು ಅಬ್ಬಾನಿಗೆ ಅಂದೇ ಗೊತ್ತಾದದ್ದು. ಅದಕ್ಕಿಂತ ದೊಡ್ಡ ಪೆಟ್ಟು ಮುಂದೆ ಇತ್ತು. ಹೌದಿನ ತಯಾರಿಯ ಸುದ್ದಿ ಕೇಳಿದ ವೀರು ಗಾಬರಿಯಾಗಿ, ಅಲ್ಲಿ ಉಸಿರು ಹಿಡಿಯಲೇಬಾರದು, ಒಂದೇ ಸಮ ಆಡುತ್ತಿರಬೇಕು, ಹಿಡಿದರೆ ಶ್ವಾಸಕೋಶಕ್ಕೆ ಅಪಾಯ ಎಂದುಬಿಟ್ಟ. ಮೂರು ವಾರದ ಕಸರತ್ತು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆಮೇಲೆ ಒಂದು ಫಾರ್ಮು ಬಂತು. ಕಿವಿಯ ತೊಂದರೆ ಇದೆಯೇ ಎಂಬ ಸಾಲಿಗೆ ಬಂದಾಗ, ಇಲ್ಲ ಎಂದು ಬರಿ ಎಂದರು ಅಬ್ಬಾ. ಎಡಗಡೆಯಿಂದ ಕರೆದರೆ ಅವರು ತಿರುಗುವುದಿಲ್ಲ ಎಂಬುದು ನಮ್ಮ ಓಣಿಯ ಬೆಕ್ಕಿಗೂ ಗೊತ್ತು. ಆದರೂ ನಾನು ಇಲ್ಲ ಎಂದೇ ಬರೆದೆ. ಅವರ ಮುಖದಲ್ಲಿದ್ದ ಆಸೆಯನ್ನು ಕಂಡು ಹೌದು ಎಂದು ಬರೆಯಲು ನನ್ನ ಕೈ ಬರಲಿಲ್ಲ.

ಆದರೆ ವಯಸ್ಸಾದವರಿಗೆ ಡಾಕ್ಟರ ಸಹಿ ಬೇಕಿತ್ತು. ಹಿಂದಾಗಿದ್ದರೆ ಧಾರವಾಡಕ್ಕೆ ಓಡಬೇಕಿತ್ತು. ಗದಗ ಜಿಲ್ಲೆಯಾದ ಮೇಲೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಕೆಲಸ. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಪರದೆ ಹರಿದು ಎಷ್ಟೋ ವರ್ಷವಾಗಿದೆ, ಆಳದ ನೀರು ಇನ್ನು ಕೂಡದು, ಬಾವಿಯೂ ಕೂಡದು ಎಂದರು. ಇನ್ನೊಂದು ಕಿವಿ ಚೆನ್ನಾಗಿದೆಯಲ್ಲ ಎಂದು ಅಬ್ಬಾ ಮಕ್ಕಳ ಹಾಗೆ ಕೇಳಿದರು. ಡಾಕ್ಟರು ಆಗದೆಂದು ತಲೆಯಾಡಿಸಿದರು. ನನಗೆ ಅಳು ಬಂತು.

ಬಸ್ಸು ಊರಿನ ಕಡೆ ಹೊರಟ ಮೇಲೆ ಅಬ್ಬಾ ನನ್ನ ಕಡೆ ತಿರುಗಿದರು.

"ಮುರ್ಡೇಶ್ವರದ ಸೀಟ ಕೆಡಸಬ್ಯಾಡ, ಕೌಸರ. ನೀ ಇಳಿ."

ಸಿಟ್ಟು ನೆತ್ತಿಗೇರಿತು. "ನಿಮ್ಮ ಕಿವಿ ಹ್ವಾದ ಮ್ಯಾಲೆ ನನ್ನ ನೆನಪಾತೇನ್ರಿ ಅಬ್ಬಾ? ಆವಾಗ ಕಲಸಾಕ ಏನಾಗಿತ್ತು ನಿಮಗ?"

ಅವರು ಕಿಟಕಿಯ ಹೊರಗಿನ ಶೇಂಗಾ ಹೊಲಗಳನ್ನು ನೋಡುತ್ತಾ ಕುಳಿತರು. ಕೇಳಿಸಲಿಲ್ಲವೇನೋ ಎಂದುಕೊಂಡೆ. ಆದರೆ ನಾನು ಕುಳಿತದ್ದು ಅವರ ಬಲಕ್ಕೆ.

"ಬಾವ್ಯಾಗಿಂದ ನಾ ತಗದಿದ್ದು ಬರೇ ಕೊಡ ಅಲ್ಲವ್ವಾ," ಎಂದರು. "ಹೆಣ್ಣಮಕ್ಕಳನ್ನೂ ತಗದೀನಿ. ಕತ್ತಲದಾಗ ಕೈಗೆ ಮೊದಲ ಗಾಜಿನ ಬಳಿ ಹತ್ತತಾವ. ಅದ ಕೈಲೆ ನಿನ್ನ ಹೆಂಗ ನೀರಿಗೆ ಬಿಡಲಿ?"

ಇಷ್ಟು ವರ್ಷ ಈ ಮಾತನ್ನು ಅವರು ಮನೆಯಲ್ಲಿ ಆಡಿರಲಿಲ್ಲ. ಯಾರ್ಯಾರು, ಯಾವ ಊರಿನವರು ಎಂದು ನಾನು ಕೇಳಲಿಲ್ಲ. ನನ್ನ ಸಿಟ್ಟು ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ, ಆದರೆ ಅದನ್ನು ಅವರ ಮೇಲೆ ಹಾಕಲು ಮನಸ್ಸಾಗಲಿಲ್ಲ.

"ಮತ್ತ ಈಗ ಯಾಕ ಇಳಿ ಅಂತೀರಿ?"

"ನಿನಗೂ ನೋಡೂದೈತಿ. ನನಗ ಗೊತ್ತಿಲ್ಲೇನು?"

ಹೌದು ಎಂದೆ. ಮೂವತ್ತು ವರ್ಷದ ಹಿಂದೆ ಅಳುತ್ತಾ ಹೇಳಿದ್ದನ್ನು ಈಗ ಮೆಲ್ಲಗೆ ಹೇಳಿದೆ.

ಈಜು ಬಾರದಿದ್ದರೂ ನಡೆಯುತ್ತದೆ, ಮುಖಕ್ಕೆ ನೀರು ತಾಗಿದರೆ ಹೆದರಬಾರದು ಅಷ್ಟೇ ಎಂದ ವೀರು. ಈ ಸಲ ಫಾರ್ಮಿನ ಪ್ರತಿ ಸಾಲಿಗೂ ಖರೇ ಉತ್ತರ ಬರೆದೆ. ಭಾನುವಾರ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಅಬ್ಬಾ ನನ್ನನ್ನು ಸಂಗಪ್ಪನವರ ಹೊಲದ ಮೆಟ್ಟಿಲುಬಾವಿಗೆ ಕರೆದೊಯ್ದರು. ಸೊಂಟದವರೆಗೆ ನೀರಿದ್ದ ಮೆಟ್ಟಿಲ ಮೇಲೆ ನಿಂತು ನನ್ನ ರಟ್ಟೆ ಹಿಡಿದರು. ಮೊದಲ ಸಲ ಮುಖ ಮುಳುಗಿಸಿದವಳು ಮೂಗಿಗೆ ನೀರೇರಿ ಎದ್ದುಬಿಟ್ಟೆ. ಎರಡನೇ ಸಲ ಕಣ್ಣು ಬಿಟ್ಟೆ. ಹಸಿರು ಬೆಳಕು. ಕಲ್ಲಿನ ಪಾಚಿ ಅತ್ತಿತ್ತ ತೂಗುತ್ತಿತ್ತು. ಅಕ್ಕಿಕಾಳಿನಷ್ಟು ಒಂದು ಮೀನು ಓಡದೆ, ನನ್ನೆದುರೇ ನಿಂತಿತ್ತು.

ಮೇಲೆದ್ದೆ. ಏನು ಕಂಡೆ ಎಂದು ಅಬ್ಬಾ ಕೇಳಿದರು. ಎಷ್ಟೋ ಬಾವಿಗಳ ತಳ ಮುಟ್ಟಿ ಬಂದ ಆ ಕೈ, ಸೊಂಟಮಟ್ಟದ ನೀರಿನಲ್ಲಿ ನನ್ನ ರಟ್ಟೆಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿತ್ತು.

"ತಡೀರಿ ಅಬ್ಬಾ," ಎಂದೆ. "ಇನ್ನೂ ನೋಡೂದೈತಿ."

ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮತ್ತೆ ಮುಳುಗಿದೆ.