ಹೆಲ್ ಗೇಟಿನಲ್ಲಿ ನೀರು ನಿಲ್ಲುವ ಗಳಿಗೆ

ಧಾರವಾಡದ ನಾಗಲಿಂಗಪ್ಪ ಮ್ಯಾನ್‌ಹಟನ್ನಿನ ಪ್ರಯೋಗಾಲಯವೊಂದರಲ್ಲಿ ನೀರಿನ ಹರಿವನ್ನು ಅಭ್ಯಾಸ ಮಾಡುತ್ತಿದ್ದ. ಉದ್ದನೆಯ ಗಾಜಿನ ಕೊಳವೆ, ಅದರಲ್ಲಿ ಸಾಗುವ ನೀರು, ನೀರಿನ ನಡುವೆ ಕೆಂಪು ಬಣ್ಣದ ಒಂದೇ ಒಂದು ಎಳೆ. ವೇಗ ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಎಳೆ ನಡುಗಿ, ಸುರುಳಿ ಸುರುಳಿಯಾಗಿ ಒಡೆದು, ಕೊಳವೆಯೆಲ್ಲ ಕೆಂಪಾಗುತ್ತಿತ್ತು. ಯಾರಾದರೂ ಮೇಜಿಗೆ ಮೊಣಕೈ ಊರಿದರೂ ಸಾಕು, ಅದು ಮೊದಲೇ ಒಡೆಯುತ್ತಿತ್ತು. ಹಾಗೆ ಊರಿ ದಿನವೂ ಬೈಸಿಕೊಳ್ಳುತ್ತಿದ್ದವನು ಜೊತೆಗಾರ ಶಿವರಾಮ್, ಮೈಸೂರಿನವನು.

೧೯೭೨ರ ಜುಲೈನಲ್ಲಿ ಶಿವರಾಮ್ ಸತ್ತ. ಈಸ್ಟ್ ರಿವರ್‌ನ ಹೆಲ್ ಗೇಟ್ ಎಂಬಲ್ಲಿ ಸಮುದ್ರದ ಉಬ್ಬರವಿಳಿತಕ್ಕೆ ನೀರು ದಿಕ್ಕು ಬದಲಿಸುತ್ತದೆ. ನಡುವೆ ಕೆಲವೇ ನಿಮಿಷ ಸುಮ್ಮನಿರುತ್ತದೆ. ಆಗ ದೋಣಿಯಲ್ಲಿ ಹೋಗಿ, ಸುಳಿಗಳು ಹುಟ್ಟುವುದನ್ನು ನೋಡಬೇಕೆಂಬುದು ಅವನ ಆಸೆ. ಆ ಬೆಳಿಗ್ಗೆ ತನ್ನ ರೂಮಿನಲ್ಲಿ ಉಬ್ಬರವಿಳಿತದ ವೇಳಾಪಟ್ಟಿ ನೋಡಿ ಹೊತ್ತು ಹೇಳಿದವನು ನಾಗಲಿಂಗಪ್ಪ: "ಹತ್ತಕ್ಕ ಹೋಗು, ನೀರು ನಿಂತಿರ್ತದ." ದೋಣಿ ಮಗುಚಿತು. ಶಿವರಾಮನದೇ ದುಡುಕು ಎಂದು ಎಲ್ಲರೂ ಅಂದರು.

ಮೂರನೇ ದಿನ ನಾಗಲಿಂಗಪ್ಪ ಪಟ್ಟಿಯ ಪುಸ್ತಕವನ್ನು ಮತ್ತೆ ತೆರೆದ. ಅಮೆರಿಕದಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಪಟ್ಟಿಯಲ್ಲಿ ಮಾತ್ರ ಹಳೆಯ ವೇಳೆಯೇ ಇರುತ್ತದೆ. ಅದನ್ನು ಕೂಡಿಸಿಕೊಳ್ಳಬೇಕೆಂದು ಪುಟದ ಅಡಿಯಲ್ಲೇ ಬರೆದಿತ್ತು. ನೀರು ನಿಲ್ಲುವುದು ಹನ್ನೊಂದಕ್ಕೆ; ಹತ್ತಕ್ಕೆ ಇನ್ನೂ ಸೆಳೆಯುತ್ತಲೇ ಇತ್ತು. ಪುಸ್ತಕ ಮುಚ್ಚಿದ. ಯಾರಿಗೂ ಹೇಳಲಿಲ್ಲ.

ಸೆಪ್ಟೆಂಬರಿನಿಂದ, ಶನಿವಾರ ಒಬ್ಬನೇ ಇದ್ದಾಗ, ನಿಧಾನದ ಹರಿವಿನಲ್ಲೂ ಎಳೆ ಒಡೆಯತೊಡಗಿತು. ಪಂಪು ನಿಲ್ಲಿಸಿ ಎತ್ತರದ ತೊಟ್ಟಿಯಿಂದ ನೀರು ಬಿಟ್ಟ. ಮೇಜಿನ ಕಾಲಿಗೆ ರಬ್ಬರ್ ಕೊಟ್ಟ. ಸಬ್‌ವೇ ರೈಲಿನ ವೇಳೆ ಬರೆದಿಟ್ಟು ತಾಳೆ ನೋಡಿದ. ಯಾವುದೂ ಕಾರಣವಲ್ಲ. ಒಂದು ಮಧ್ಯಾಹ್ನ, ಎಳೆ ನಡುಗುವ ಮುನ್ನ, ಪಕ್ಕದಲ್ಲಿ ಯಾರೋ ಮೊಣಕೈ ಊರಿದಂತೆ ಮೇಜು ತುಸು ಜಗ್ಗಿದ್ದು ಅವನ ಅಂಗೈಗೆ ತಿಳಿಯಿತು.

"ಕೈ ತೆಗಿಯೋ," ಎಂದುಬಿಟ್ಟ.

ಎಳೆ ನೆಟ್ಟಗಾಯಿತು.

ನಲ್ಲಿ ನಿಲ್ಲಿಸದೆಯೇ ಕೋಟು ತೊಟ್ಟು, ಶಿವರಾಮನ ಮನೆಯಿದ್ದ ಕೆಂಡಲ್ ಪಾರ್ಕಿಗೆ ಬಸ್ಸು ಹತ್ತಿದ. ಅವನ ಹೆಂಡತಿ ಉಷಾ ಊರಿಗೆ ಹಿಂತಿರುಗಲು ಸೀರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

"ವೈನಿ, ಹೊತ್ತು ತಪ್ಪು ಹೇಳಿದಾಂವ ನಾನು. ಒಂದು ತಾಸು ಕೂಡಿಸೋದು ಮರ್ತೆ."

"ಯಾವಾಗ ಗೊತ್ತಾಯ್ತು ನಿಮಗೆ?"

"ಮೂರನೇ ದಿನ."

ಉಷಾ ಕೈಯಲ್ಲಿದ್ದ ಸೀರೆಯನ್ನು ಪೆಟ್ಟಿಗೆಯ ಮೇಲಿಟ್ಟಳು. "ಇಷ್ಟು ದಿನ ನಾನು ಅವರನ್ನೇ ಬೈದೆ. ಅವರ ಫೋಟೋನ ಗೋಡೆ ಕಡೆ ತಿರುಗಿಸಿಟ್ಟಿದ್ದೀನಿ."

ಅಳಲಿಲ್ಲ. ಊರಿಗೆ ಬರೆಯುವ ಒಂದು ಏರೋಗ್ರಾಮ್ ಕಾಗದ ತಂದು ಮುಂದಿಟ್ಟಳು. "ನಮ್ಮತ್ತೆಗೆ ಬರೀರಿ."

ಬರೆದ. ಅವಳು ಓದಿ, ಒಂದು ಕಡೆ ಬೆರಳಿಟ್ಟಳು. "'ಅಚಾತುರ್ಯ' ಅಂತಿದೆ. 'ನನ್ನ ತಪ್ಪು' ಅಂತ ಮಾಡಿ."

ಹೊಡೆದು ಹಾಕಿ ತಿದ್ದಿದ.

ಜನವರಿಯಲ್ಲಿ ಮೈಸೂರಿನಿಂದ ಉತ್ತರ ಬಂತು. ಬಿಚ್ಚುವ ಧೈರ್ಯ ಬರಲು ಅವನಿಗೆ ಎರಡು ವಾರ ಹಿಡಿಯಿತು. ಬೈಗುಳವಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಶಿವರಾಮನ ಮುದಿ ತಾಯಿಯ ಅಕ್ಷರದಲ್ಲಿ ಎರಡೇ ಸಾಲು: "ಆ ದಿನ ನಿಮ್ಮ ರೂಮಿನಿಂದಲೇ ಹೊರಟನಂತೆ. ಏನಾದರೂ ತಿಂದು ಹೋಗಿದ್ದನೇ?"

ಉಪ್ಪಿಟ್ಟು ತಿಂದಿದ್ದ, ಎರಡು ಸಲ ಹಾಕಿಸಿಕೊಂಡ, ಎಂದು ನಾಗಲಿಂಗಪ್ಪ ಅಂದೇ ಬರೆದ. ಅದು ನಿಜವಾಗಿತ್ತು.