ಬೋರ್ಡು ಹಾಕಿದವನೇ ತೆಗೆಯಬೇಕು

ಕೆಜಿಎಫ್‌ನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದ ಸುಬ್ಬರಾಯಪ್ಪನಿಗೆ ದೇವರಿಗಿಂತ ದೊಡ್ಡದೊಂದು ನಿಯಮವಿತ್ತು. ರಿಪೇರಿಗೆ ಇಳಿದವನು ಆಫ್ ಮಾಡಿದ ಸ್ವಿಚ್ಚಿಗೆ 'ಮುಟ್ಟಬೇಡಿ' ಎಂಬ ಕೆಂಪು ಬೋರ್ಡು ನೇತುಹಾಕಿದರೆ ಅದನ್ನು ಅವನೇ ತೆಗೆಯಬೇಕು. ಮ್ಯಾನೇಜರ್ ಬಂದರೂ ಅಷ್ಟೇ, ಮ್ಯಾನೇಜರನ ಅಪ್ಪ ಬಂದರೂ ಅಷ್ಟೇ. ಒಮ್ಮೆ ಬೋರ್ಡು ಹಾಕಿದ ಕುಪ್ಪುಸ್ವಾಮಿ ಊಟಕ್ಕೆ ಹೋದಾಗ, ಅವನು ತೇಗಿಕೊಂಡು ಬರುವವರೆಗೂ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದ ಆಸಾಮಿ ಈತ.

ರಿಟೈರಾದ ಮೇಲೆ ರಕ್ತದ ಕಾಯಿಲೆ ಅಂಟಿಕೊಂಡಿತು. ಹಾಗೇ ಬಿಟ್ಟರೆ ಕ್ಯಾನ್ಸರಿಗೆ ತಿರುಗುತ್ತದೆ, ಇಂಜೆಕ್ಷನ್ ಶುರು ಮಾಡಲೇಬೇಕು ಎಂದರು ಬೆಂಗಳೂರಿನ ಡಾಕ್ಟರು. ಹೊರಡುವ ಬೆಳಿಗ್ಗೆ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮಗಳು ಅಕ್ಷರಾ ಅಪ್ಪನಿಗೆ ಧೈರ್ಯ ತುಂಬಲು ಕೂತಳು.

"ಅಪ್ಪಾ, ರಕ್ತದ ಕಣ ಅಡ್ಡಾದಿಡ್ಡಿ ಬೆಳೀದಂಗೆ ತಡೆಯೋ ಜೀನ್‌ಗಳು ಒಳಗೇ ಅವೆ. ನಿನ್ನವು ಕೆಟ್ಟಿಲ್ಲ. ಬ್ಯಾಡದ ಜೀನ್‌ಗೆ ಕೆಂಪು ಬೋರ್ಡು ಆಕಿ ಆಫ್ ಮಾಡೋದು ಕಣದ ದಿನದ ಕೆಲ್ಸ. ಈಗ ಬೇಕಾದವಕ್ಕೂ ಆಕ್ಬುಟ್ಟೈತೆ. ಈ ಔಷಧಿ ಬೋರ್ಡು ತೆಗಿಸ್ತೈತೆ, ಅಷ್ಟೇ."

ಅಲ್ಲೇ ಎಡವಟ್ಟಾಯಿತು. ಸುಬ್ಬರಾಯಪ್ಪ ಮೆಟ್ಟಿದ್ದ ಚಪ್ಪಲಿ ಬಿಚ್ಚಿ ಗಟ್ಟಿಯಾಗಿ ಕೂತ.

"ಯಾರೋ ಆಕಿದ್ ಬೋರ್ಡು ಡಾಕ್ಟ್ರು ತೆಗಿಯೋದಾ? ನಾನೊಪ್ಪಲ್ಲ ಕಣಮ್ಮ!"

ಅಕ್ಷರಾ ಹಣೆ ಚಚ್ಚಿಕೊಂಡಳು. ಸುಬ್ಬರಾಯಪ್ಪನಿಗೂ ಸಂಕಟವೇ. ಸಾಯಲು ಮನಸ್ಸಿಲ್ಲ, ನಿಯಮ ಮುರಿಯಲೂ ಮನಸ್ಸಿಲ್ಲ. ಅತ್ತ ರೈಲಿನ ಹೊತ್ತು ಮೀರುತ್ತಿತ್ತು.

ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಮುನಿಯಮ್ಮ ತಲೆ ಎತ್ತದೆ ಕೇಳಿದಳು. "ಬೋರ್ಡು ಆಕಿದ್ದು ಯಾರಮ್ಮಿ?"

"ಅಪ್ಪನ ಕಣಾನೇ ಕಣಮ್ಮ."

"ಅಂಗಾದ್ರೆ ಆಕಿದೋರು ಇವರೇ ತಾನೇ? ಏಳ್ರೀ ಮತ್ತೆ! ನೀವ್ ಆಕಿದ್ದು ನೀವೇ ಓಗಿ ತೆಗಿಸ್ಬೇಕು. ಇನ್ನೇನು ಕುಪ್ಪುಸ್ವಾಮಿ ಬತ್ತಾನಾ?"

ಸುಬ್ಬರಾಯಪ್ಪ ನಿಯಮವನ್ನು ಹಿಂದೆಮುಂದೆ ತಿರುವಿ ನೋಡಿದ. ಎಷ್ಟು ತಡಕಿದರೂ ನಿಯಮದಲ್ಲಿ ನುಸುಳಲು ಸಂದು ಸಿಗಲಿಲ್ಲ. ತೆಪ್ಪಗೆ ಚಪ್ಪಲಿ ಮೆಟ್ಟಿಕೊಂಡ.

ಆರು ತಿಂಗಳು, ತಿಂಗಳಿಗೆ ಏಳು ದಿನ ಇಂಜೆಕ್ಷನ್, ನಡುನಡುವೆ ರಕ್ತ ಹಾಕಿಸುವುದು. ವಾಂತಿ, ಸುಸ್ತು, ಬೇಡಪ್ಪ ಆ ಪಾಡು. ಆದರೂ ಪ್ರತಿ ಸಲ ನರ್ಸಮ್ಮನಿಗೆ, "ಆಕಿದೋನು ನಾನೇ, ತೆಗೀರಿ" ಎಂದು ಅಪ್ಪಣೆ ಕೊಟ್ಟೇ ಮಲಗುತ್ತಿದ್ದ. ಕೊನೆಗೆ ರಿಪೋರ್ಟು ಬಂತು. ಆರಿದ್ದ ಹಿಮೋಗ್ಲೋಬಿನ್ ಹನ್ನೊಂದು! ಇಂಜೆಕ್ಷನ್ ಮುಂದುವರಿಯಲಿ, ರಕ್ತ ಹಾಕಿಸುವುದು ಮಾತ್ರ ಸದ್ಯಕ್ಕೆ ಸಾಕು ಎಂದರು ಡಾಕ್ಟರು. ಅಕ್ಷರಾ ಆಸ್ಪತ್ರೆಯ ನಡುವೆಯೇ ಅತ್ತಳು, ನಕ್ಕಳು.

ಅಂದು ಊರಿಗೆ ಮರಳುವಾಗ, ಕೆಜಿಎಫ್ ರೈಲು ಹಿಡಿಯಲು ಬಂಗಾರಪೇಟೆಯಲ್ಲಿ ಇಳಿದಾಗ ಮುನಿಯಮ್ಮ ಎಂದಿನಂತೆ ಮೇಲ್ಸೇತುವೆ ಹತ್ತಿಸಲು ಗಂಡನ ಕೈ ಹಿಡಿದಳು. ಸುಬ್ಬರಾಯಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಅವಳನ್ನೇ ಎಳೆದುಕೊಂಡು ದಡದಡನೆ ಮೆಟ್ಟಿಲು ಹತ್ತತೊಡಗಿದ.

"ನಿಧಾನ ಕಣ್ರೀ, ನಂಗೆ ಉಸಿರು ಕಟ್ತೈತೆ!" ಎಂದು ಮುನಿಯಮ್ಮ ಬೈದಳು. ಕೈ ಮಾತ್ರ ಬಿಡಲಿಲ್ಲ.