ಹಡಗಿಗೂ ಚಿತ್ರಗಾರನಿಗೂ ನಡುವೆ

ಬಾನುಲಿ ಕೇಂದ್ರದ ‘ಈ ದಿನ, ಆ ದಿನ’ ಕಾರ್ಯಕ್ರಮಕ್ಕೆ ಒಂದು ಕಟ್ಟಳೆಯಿತ್ತು. ದಿನಕ್ಕೆ ಎರಡು ಸಾವು, ಅದಕ್ಕಿಂತ ಹೆಚ್ಚಿಲ್ಲ. ಇದೇ ತಾರೀಖಿನಂದು ಬೇರೆ ಬೇರೆ ಕಾಲದಲ್ಲಿ ಏನೇನು ನಡೆದಿತ್ತೆಂದು ಬೆಳಿಗ್ಗೆ ಐದು ನಿಮಿಷದಲ್ಲಿ ಹೇಳಿ ಮುಗಿಸಬೇಕು; ಕೊನೆಯ ಸುದ್ದಿ ಮುಖ ಅರಳಿಸುವಂಥದ್ದೇ ಆಗಿರಬೇಕು. ಕಟ್ಟಳೆ ಮಾಡಿದ ಮೇಲಧಿಕಾರಿಗೆ ಕೇಂದ್ರದವರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಕತ್ತರಿ.

“ಜನ ಹಲ್ಲುಜ್ಜುತ್ತಾ ಕೇಳ್ತಿರ್ತಾರಮ್ಮ,” ಎನ್ನುತ್ತಿದ್ದರು ಕತ್ತರಿ. “ಬಾಯಲ್ಲಿ ನೊರೆ ಇಟ್ಕೊಂಡು ಎಷ್ಟು ಹೆಣ ಅಂತ ಎಣಿಸ್ತಾರೆ?”

ಕಾರ್ಯಕ್ರಮ ಓದುವ ಉದ್ಘೋಷಕಿಗೆ ಈ ಕಟ್ಟಳೆಯಿಂದ ತೊಂದರೆಯೇನೂ ಆಗಿರಲಿಲ್ಲ. ಉಗುರು ಕಚ್ಚುತ್ತಾ, ಒಂದು ಇಸವಿಯನ್ನು ಮೂರು ಕಡೆ ತಾಳೆ ನೋಡಿ, ಆಮೇಲೂ ನಂಬದೆ ಮತ್ತೊಮ್ಮೆ ನೋಡುವ ಹೆಂಗಸು ಅವಳು. ಏಪ್ರಿಲ್ ಹದಿನೈದು ಬರುವವರೆಗೂ ಎಲ್ಲ ಸರಿಯಾಗಿಯೇ ಇತ್ತು.

ಆ ದಿನ ಅಬ್ರಹಾಂ ಲಿಂಕನ್ ಗುಂಡೇಟಿನಿಂದ ತೀರಿಕೊಂಡಿದ್ದ. ಆ ದಿನವೇ ಟೈಟಾನಿಕ್ ಹಡಗು ಮುಳುಗಿತ್ತು. ಅದೇ ತಾರೀಖಿಗೆ, ಹತ್ತು ವರ್ಷದ ಹಿಂದೆ, ಊರಾಚೆಯ ನೂಲಿನ ಗಿರಣಿಯ ಬಾಯ್ಲರ್ ಸಿಡಿದು ಒಂದು ಪಾಳಿಯವರೆಲ್ಲ ಸತ್ತಿದ್ದರು. ಅವರಲ್ಲಿ ಒಬ್ಬ ಅವಳ ಅಣ್ಣ.

ಗಿರಣಿ ಈಗಿಲ್ಲ. ಆ ಜಾಗದಲ್ಲಿ ಗೋದಾಮು ಎದ್ದಿದೆ. ಸತ್ತವರ ಹೆಸರಿಗೊಂದು ಕಲ್ಲನ್ನೂ ಯಾರೂ ನೆಡಲಿಲ್ಲ. ಅದಕ್ಕೇ ಹಿಂದಿನ ವಾರ ಅತ್ತಿಗೆ ಅವಳ ಕೈ ಹಿಡಿದುಕೊಂಡು ಕೇಳಿದ್ದಳು: “ಒಂದೇ ಒಂದು ಸಾಲು ಸಾಕು ಕಣೇ ಪುಟ್ಟಿ. ಪ್ರಪಂಚದಲ್ಲಿ ಎಲ್ಲೆಲ್ಲೋ ಸತ್ತವರನ್ನ ದಿನಾ ನೆನೀತೀಯ. ನಿಮ್ಮಣ್ಣನ್ನೂ ಒಂದ್ಸಲ ನೆನೆ.”

“ಖಂಡಿತ ಅತ್ತಿಗೆ,” ಎಂದು ಅವಳು ಮಾತು ಕೊಟ್ಟಿದ್ದಳು.

ಮೂರು ಸಾವುಗಳನ್ನು ಹೊತ್ತು ಕತ್ತರಿಯ ಕೋಣೆಗೆ ಹೋದಾಗ ಅವರು ತಲೆಯೆತ್ತಲೂ ಇಲ್ಲ. “ಎರಡು ಇಟ್ಕೊಳ್ಳಿ. ಯಾವ ಎರಡು ಅನ್ನೋದು ನಿಮಗೇ ಬಿಟ್ಟದ್ದು,” ಎಂದರು. ಆಮೇಲೆ ಕುತೂಹಲದಿಂದ, “ಇದ್ಯಾವುದು, ಗಿರಣಿ?”

ನನ್ನಣ್ಣ ಸತ್ತ ಗಿರಣಿ ಸಾರ್. ಮಾತು ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು. ಅವಳ ಅಣ್ಣ ಬಾಯ್ಲರಿಗೆ ಕಲ್ಲಿದ್ದಲು ಎತ್ತಿ ಹಾಕುವ ಕೂಲಿಯಾಗಿದ್ದನೆಂದು ಕೇಂದ್ರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಶುದ್ಧ ಉಚ್ಚಾರಣೆ ಕೇಳಿ ಎಲ್ಲರೂ ಅವಳದು ಮೇಷ್ಟರ ಮನೆತನ ಅಂದುಕೊಂಡಿದ್ದರು, ಅವಳೂ ತಿದ್ದಿರಲಿಲ್ಲ. ಆ ಉಚ್ಚಾರಣೆ ಕಲಿತ ಕಾಲೇಜಿಗೆ ಅವಳನ್ನು ಕಳಿಸಿದ್ದು ಆ ಕಲ್ಲಿದ್ದಲೇ.

“ಇಲ್ಲೇ ಊರಾಚೆ ಇತ್ತಂತೆ ಸಾರ್,” ಎಂದಳು. ‘ಇತ್ತಂತೆ’. ಯಾರೋ ಹೇಳಿ ಕೇಳಿದವಳ ಹಾಗೆ. ಮೇಜಿಗೆ ವಾಪಸು ಬಂದು ಆ ಸಾಲನ್ನು ಹೊಡೆದುಹಾಕಿದಳು.

ಬೆಳಿಗ್ಗೆ ಲಿಂಕನ್ನನ್ನು ಓದಿದಳು, ಹಡಗನ್ನು ಓದಿದಳು. ಒಮ್ಮೆ ಉಸಿರೆಳೆದುಕೊಂಡಳು. ಬೇಕಾದ್ದಕ್ಕಿಂತ ತುಸು ಉದ್ದದ ಉಸಿರು. ಆಮೇಲೆ ದನಿಯಲ್ಲಿ ನಗು ತಂದುಕೊಂಡು, ಮೋನಾಲಿಸಾಳ ಮುಖಕ್ಕೆ ಮಾಸದ ಮುಗುಳ್ನಗೆ ಕೊಟ್ಟ ಚಿತ್ರಗಾರ ಲಿಯೊನಾರ್ಡೊ ಹುಟ್ಟಿದ್ದೂ ಇದೇ ದಿನವೆಂದು ಹೇಳಿ ಮುಗಿಸಿದಳು.

ಪಾಳಿ ಮುಗಿದ ಮೇಲೆ, ಹೋಗದಿದ್ದರೆ ಅನುಮಾನ ಬಂದೀತೆಂದು ಅತ್ತಿಗೆಯ ಮನೆಗೆ ಹೋದಳು. ಒಂದೇ ಕೋಣೆಯ ಮನೆ. ಕಿಟಕಿಯ ಮೇಲೆ ರೇಡಿಯೊ, ಅದರ ಸುತ್ತ ಅಕ್ಕಪಕ್ಕದಿಂದ ತಂದ ಕುರ್ಚಿಗಳು, ನೆಲದ ಮೇಲೆ ಚಹಾ ಕುಡಿದಿಟ್ಟ ಲೋಟಗಳು. ಗಿರಣಿಯಲ್ಲಿ ಸತ್ತವರ ಮನೆಯವರೆಲ್ಲ ಬಂದು ಕೇಳಿ ಹೋಗಿದ್ದರು. ಉಳಿದಿದ್ದವಳು ಪಕ್ಕದ ಮನೆಯ ಅಜ್ಜಿಯೊಬ್ಬಳೇ. ಅವಳ ಒಬ್ಬನೇ ಮಗ ಅಣ್ಣನ ಪಾಳಿಯವನು. ತಪ್ಪು ಮಾಡಿದ ಮಗುವಿನ ಹಾಗೆ ಮೂಲೆಯಲ್ಲಿ ಮುದುಡಿ ಕೂತಿದ್ದಳು.

“ಬಾರೇ ಪುಟ್ಟಿ,” ಅತ್ತಿಗೆಯ ದನಿ ಉರಿಯುತ್ತಿತ್ತು. “ಹತ್ತು ವರ್ಷ ಕಾದು ಕೊನೆಗೆ ನಾವು ಕೇಳಿದ್ದೇನು? ಈ ಅಜ್ಜಿ ಕೆಮ್ಮು! ಹಡಗು ಮುಳುಗೋವರೆಗೂ ಸುಮ್ನಿದ್ಲು. ಆಮೇಲೆ ಶುರು ಹಚ್ಕೊಂಡ್ಲು ನೋಡು, ನಿಲ್ಲೋ ಹೊತ್ತಿಗೆ ಯಾವಳೋ ಮುಗುಳ್ನಗ್ತಾ ಇದ್ಲು.”

“ಒಣಕೆಮ್ಮು ತಾಯಿ,” ಎಂದಳು ಅಜ್ಜಿ. “ಬಾಯಿಗೆ ಬಟ್ಟೆ ತುರುಕ್ಕೊಂಡೆ. ಆದ್ರೂ ಬಂತು.”

“ಎಲ್ಲರೂ ಬೈದುಕೊಂಡು ಹೋದ್ರು. ಕೆಮ್ಮೋದಿದ್ರೆ ನಿನ್ ಮನೇಲೇ ಕೆಮ್ಮಬೇಕಿತ್ತು ಅಂದ್ರು. ತಪ್ಪೇನು ಅವರದ್ದು?” ಅತ್ತಿಗೆ ಇವಳತ್ತ ತಿರುಗಿದಳು. “ನೀನು ಓದಿದೆ ತಾನೇ?”

“ಓದಿದೆ ಅತ್ತಿಗೆ.”

ಎಷ್ಟು ಸಲೀಸಾಗಿ ಬಂತು ಮಾತು!

ಅಜ್ಜಿ ಮೂಲೆಯಿಂದ ತೆವಳಿಕೊಂಡು ಹತ್ತಿರ ಬಂದಳು. “ಇನ್ನೊಂದ್ಸಲ ಹೇಳ್ತೀಯಾ ಮಗಳೇ? ರೇಡಿಯೊದಲ್ಲಿ ಹೇಳಿದ ಹಾಗೇ. ಈ ಸಲ ಉಸಿರೇ ಬಿಡಲ್ಲ ನಾನು.”

ಉದ್ಘೋಷಕಿ ನೆಟ್ಟಗೆ ನಿಂತಳು. ಗಂಟಲು ಸರಿಮಾಡಿಕೊಂಡಳು. “ಇದೇ ದಿನ, ಹತ್ತು ವರ್ಷಗಳ ಹಿಂದೆ, ನಗರದ ಹೊರವಲಯದ ನೂಲಿನ ಗಿರಣಿಯಲ್ಲಿ…”

ಅಜ್ಜಿ ಕಣ್ಣು ಮುಚ್ಚಿದ್ದಳು. ಎರಡೂ ಕೈಯಿಂದ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಒಳಗೆ ಕೆಮ್ಮು ಒದ್ದು ಬರುತ್ತಿತ್ತು; ಭುಜಗಳು ಅದುರುತ್ತಿದ್ದವು; ಕಣ್ಣಂಚಿನಲ್ಲಿ ನೀರು ಇಳಿಯುತ್ತಿತ್ತು. ಆದರೂ ಬಿಡಲಿಲ್ಲ.

“ನಾನು ಓದಲಿಲ್ಲ,” ಎಂದಳು ಉದ್ಘೋಷಕಿ.

ಅತ್ತಿಗೆ ಎತ್ತಿಕೊಂಡಿದ್ದ ಲೋಟವನ್ನು ಹಾಗೆಯೇ ಹಿಡಿದು ನಿಂತಳು. “ಏನಂದೆ?”

“ದಿನಕ್ಕೆ ಎರಡೇ ಸಾವು ಅಂತ ಕಟ್ಟಳೆ ಇದೆ ಅತ್ತಿಗೆ…”

“ನಿಮ್ಮ ಸಾಹೇಬ್ರು ಬೇಡ ಅಂದ್ರಾ?”

ತಪ್ಪಿಸಿಕೊಳ್ಳಲು ಬಾಗಿಲನ್ನು ಅತ್ತಿಗೆಯೇ ತೆರೆದುಕೊಟ್ಟಿದ್ದಳು. ಹೌದೆಂದರೆ ಮುಗಿಯುತ್ತಿತ್ತು. ಅಜ್ಜಿ ಇನ್ನೂ ಬಾಯಿಯಿಂದ ಬಟ್ಟೆ ತೆಗೆದಿರಲಿಲ್ಲ.

“ಇಲ್ಲ. ನಾನೇ ತೆಗೆದೆ. ಅಣ್ಣ ಏನಾಗಿದ್ದ ಅಂತ… ಅಲ್ಲಿ ಗೊತ್ತಾಗತ್ತೆ ಅಂತ.”

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾತಾಡಿದವಳು ಅಜ್ಜಿ. ಬಟ್ಟೆ ಕೆಳಗಿಳಿಸಿ, “ಹಾಗಾದ್ರೆ ನನ್ನಿಂದ ಆಗಿದ್ದಲ್ಲ!” ಎಂದಳು. ಸುಕ್ಕು ಮುಖ ಅರಳಿತು. “ಕೇಳಿದ್ಯೇನೇ? ನನ್ ಕೆಮ್ಮಿಂದ ಅಲ್ವಂತೆ!” ಆಮೇಲೆ ಮನಸಾರೆ, ಎದೆ ತುಂಬ, ಯಾರ ಹಂಗೂ ಇಲ್ಲದೆ ಕೆಮ್ಮಿದಳು.

ಆ ಸಂತೋಷವನ್ನು ನೋಡಲಾರದೆ ಉದ್ಘೋಷಕಿ ನೆಲ ನೋಡಿದಳು.

“ಬಿಡು,” ಎಂದಳು ಅತ್ತಿಗೆ, ಲೋಟಗಳನ್ನು ಒಂದರೊಳಗೊಂದು ಇಡುತ್ತಾ. “ಮುಂದಿನ ವರ್ಷ ಆ ಹಡಗು ಮುಳುಗದೇ ಇದ್ರೆ ನೋಡೋಣ.” ಕೊನೆಯ ಲೋಟವನ್ನೂ ಸೇರಿಸಿ ಹೇಳಿದಳು: “ಆದ್ರೆ ಅಜ್ಜಿ ಮೇಲಿನ ಅಪವಾದ ಮುಂದಿನ ವರ್ಷದವರೆಗೂ ಇರೋದು ಬೇಡ. ಬಂದಿದ್ದೋರೆಲ್ಲ ಈ ಬೀದಿಯವರೇ. ಹೋಗಿ ಹೇಳಿ ಬಾ.”

“ನಾನೂ ಬರ್ತೀನಿ,” ಅಜ್ಜಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಬಿಸಿಲೇರಿದ ಬೀದಿಯಲ್ಲಿ ಅಜ್ಜಿ ಅವಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ನಡೆದಳು. ಮೊದಲ ಮನೆಯ ಬಾಗಿಲನ್ನು ತಾನೇ ಬಡಿದಳು. ಒಳಗೆ ಅಗುಳಿ ತೆಗೆಯುವ ಸದ್ದಾಯಿತು. ಅಜ್ಜಿ ಹುರುಪಿನಿಂದ ಅವಳನ್ನು ಮುಂದಕ್ಕೆ ನೂಕಿದಳು.

“ಹೇಳು ಮಗಳೇ. ಯಾರ ತಂಗಿ ಅನ್ನೋದನ್ನೂ ಸೇರಿಸಿ ಹೇಳು.”